ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್

ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಎಂಬುದು ಕಿವಿಯನ್ನು ಆವರಿಸುವ ಬಟ್ಟಲುಗಳ ಹೊರಮೈ ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಮುಚ್ಚಿರುವ ಹೆಡ್‌ಫೋನ್. ಇದರ ರಚನೆಯಿಂದ ಹೊರಗಿನ ಸದ್ದು ಕಿವಿಗೆ ಕಡಿಮೆ ತಲುಪುತ್ತದೆ. ಒಳಗಿನ ಸಂಗೀತವೂ ಪಕ್ಕದವರಿಗೆ ಹೆಚ್ಚು ಕೇಳಿಸುವುದಿಲ್ಲ. ಧ್ವನಿಮುದ್ರಣ ಕೊಠಡಿ, ಬಾನುಲಿ ಕೇಂದ್ರ, ಬಸ್ಸು ಮತ್ತು ರೈಲು ಪ್ರಯಾಣ, ಹಲವರು ಒಟ್ಟಿಗೆ ವಾಸಿಸುವ ಮನೆ, ವಿದ್ಯಾರ್ಥಿ ನಿಲಯ ಮೊದಲಾದ ಕಡೆಗಳಲ್ಲಿ ಇದರ ಬಳಕೆ ಹೆಚ್ಚು. ಭಾರತದ ಮಾರುಕಟ್ಟೆಯಲ್ಲಿ ಸುಮಾರು 5,000ದಿಂದ 15,000 ರೂಪಾಯಿವರೆಗಿನವನ್ನು ಮಧ್ಯಮ ಬೆಲೆಯವೆಂದು ಈ ಲೇಖನದಲ್ಲಿ ಪರಿಗಣಿಸಲಾಗಿದೆ.

ಇತಿಹಾಸ

ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್ವಿನ್ 1910ರ ಸುಮಾರಿಗೆ ತಯಾರಿಸಿ ಅಲ್ಲಿನ ನೌಕಾಪಡೆಗೆ ಒದಗಿಸಿದ ಸಾಧನವನ್ನು ಆಧುನಿಕ ಹೆಡ್‌ಫೋನಿನ ಆರಂಭವೆಂದು ಗುರುತಿಸಲಾಗುತ್ತದೆ. ಅದು ತಂತಿ ಮತ್ತು ನಿಸ್ತಂತು ಸಂದೇಶಗಳನ್ನು ಕೇಳಲು ಬಳಕೆಯಾಗುತ್ತಿತ್ತು. 1937ರಲ್ಲಿ ಜರ್ಮನಿಯ ಬೇಯರ್‌ಡೈನಮಿಕ್ ಸಂಸ್ಥೆ ಡಿಟಿ 48 ಎಂಬ ಡೈನಮಿಕ್ ಮಾದರಿಯನ್ನು ಹೊರತಂದಿತು. 1958ರಲ್ಲಿ ಅಮೆರಿಕದ ಜಾನ್ ಕಾಸ್ ಸಂಗೀತ ಕೇಳುವುದಕ್ಕೆಂದೇ ಸ್ಟೀರಿಯೊ ಹೆಡ್‌ಫೋನನ್ನು ಪರಿಚಯಿಸಿದರು. ಆವರೆಗೆ ದೂರವಾಣಿ ಮತ್ತು ಬಾನುಲಿ ಸಿಬ್ಬಂದಿಯ ಉಪಕರಣವೆನಿಸಿದ್ದ ಹೆಡ್‌ಫೋನ್ ಆ ಬಳಿಕ ಕೇಳುಗರ ಮನೆಗಳನ್ನು ಪ್ರವೇಶಿಸಿತು.

1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯ ಎಚ್‌ಡಿ 414 ಬಂದ ಮೇಲೆ ಹಿಂಬದಿ ತೆರೆದ ಹೆಡ್‌ಫೋನ್‌ಗಳು ಬೇರೊಂದು ವರ್ಗವಾಗಿ ಬೆಳೆದವು. 1979ರಲ್ಲಿ ಸೋನಿ ವಾಕ್‌ಮನ್ ಬಂದಾಗ ನಡೆಯುತ್ತಲೂ ಪ್ರಯಾಣಿಸುತ್ತಲೂ ಸಂಗೀತ ಕೇಳುವ ರೂಢಿ ಹರಡಿತು. ಹೊರಗಿನ ಸದ್ದನ್ನು ತಡೆಯುವ ಅಗತ್ಯವೂ ಅದರೊಂದಿಗೆ ಹೆಚ್ಚಿತು. ಭಾರತೀಯ ಮೂಲದ ಅಮೆರಿಕನ್ ವಿಜ್ಞಾನಿ ಅಮರ್ ಬೋಸ್ 1978ರ ವಿಮಾನಯಾನವೊಂದರಲ್ಲಿ ಸದ್ದು ರದ್ದತಿಯ ಕಲ್ಪನೆಯನ್ನು ರೂಪಿಸಿಕೊಂಡರು. ಅವರ ಸಂಸ್ಥೆ 1989ರಲ್ಲಿ ವಿಮಾನ ಚಾಲಕರಿಗಾಗಿ ಅಂತಹ ಹೆಡ್‌ಸೆಟ್ಟನ್ನು ಮಾರುಕಟ್ಟೆಗೆ ತಂದಿತು.

ರಚನೆ ಮತ್ತು ಕಾರ್ಯವಿಧಾನ

ಹೆಚ್ಚಿನ ಹೆಡ್‌ಫೋನ್‌ಗಳಲ್ಲಿ ಡೈನಮಿಕ್ ಡ್ರೈವರ್ ಇರುತ್ತದೆ. ಕಾಂತವೊಂದರ ಕ್ಷೇತ್ರದಲ್ಲಿ ಸಣ್ಣ ತಂತಿಸುರುಳಿಯಿದ್ದು, ಅದು ತೆಳುವಾದ ಪೊರೆಗೆ ಅಂಟಿಕೊಂಡಿರುತ್ತದೆ. ಸುರುಳಿಯಲ್ಲಿ ವಿದ್ಯುತ್ ಸಂಕೇತ ಹರಿದಾಗ ಪೊರೆ ಹಿಂದೆ ಮುಂದೆ ಚಲಿಸಿ ಗಾಳಿಯನ್ನು ಕಂಪಿಸುತ್ತದೆ. ಪೊರೆಯ ಮುಂಭಾಗದಿಂದ ಹೊರಟ ಧ್ವನಿ ಕಿವಿಗೆ ಸೇರುತ್ತದೆ. ಹಿಂಭಾಗದಿಂದ ಹೊರಟದ್ದು ಬಟ್ಟಲಿನೊಳಗೆ ಉಳಿಯುತ್ತದೆ. ತೆರೆದ ಹಿಂಬದಿಯ ಮಾದರಿಯಲ್ಲಿ ಈ ಹಿಂಭಾಗದ ಧ್ವನಿ ಜಾಲರಿಯ ಮೂಲಕ ಹೊರಹೋಗುತ್ತದೆ. ಮುಚ್ಚಿದ ಮಾದರಿಯಲ್ಲಿ ಅದು ಗೋಡೆಗೆ ತಾಗಿ ಹಿಂತಿರುಗುವುದರಿಂದ, ತಯಾರಕರು ಒಳಗೆ ಹತ್ತಿ, ಫೋಮು ಮೊದಲಾದವನ್ನಿಟ್ಟು ಅದನ್ನು ತಗ್ಗಿಸುತ್ತಾರೆ. ಈ ಕೆಲಸ ಸರಿಯಾಗದಿದ್ದರೆ ಕೊಡದೊಳಗೆ ಹಾಡಿದಂತಹ ಮಾರ್ದನಿ ಕೇಳುತ್ತದೆ. ಮಧ್ಯಮ ಬೆಲೆಯ ಮಾದರಿಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಕಿವಿಯ ಸುತ್ತ ಕೂರುವ ಮೆತ್ತೆಯೂ ಡ್ರೈವರಿನಷ್ಟೇ ಮುಖ್ಯ. ಮೆತ್ತೆ ಮತ್ತು ಚರ್ಮದ ನಡುವೆ ಸಂದು ಉಳಿದರೆ ಮಂದ್ರ ಧ್ವನಿ ಸೋರಿಹೋಗುತ್ತದೆ. ಕನ್ನಡಕದ ಕಡ್ಡಿ, ದಪ್ಪ ಜಡೆ, ಓಲೆ ಇವು ಇಂತಹ ಸಂದಿಗೆ ಸಾಮಾನ್ಯ ಕಾರಣಗಳು. ಒಂದೇ ಹೆಡ್‌ಫೋನ್ ಒಬ್ಬರಿಗೆ ತುಂಬು ದನಿಯದಾಗಿಯೂ ಮತ್ತೊಬ್ಬರಿಗೆ ಬಡಕಲಾಗಿಯೂ ಕೇಳಿಸಲು ಇದು ಮುಖ್ಯ ಕಾರಣ.

ತೆರೆದ ಮಾದರಿಯೊಂದಿಗೆ ಹೋಲಿಕೆ

ತೆರೆದ ಹಿಂಬದಿಯ ಹೆಡ್‌ಫೋನಿನಲ್ಲಿ ಸಂಗೀತವು ತಲೆಯ ಹೊರಗೆ ವಿಶಾಲವಾಗಿ ಹರಡಿದಂತೆ ಭಾಸವಾಗುತ್ತದೆ, ಕಿವಿಗೆ ಗಾಳಿಯಾಡುತ್ತದೆ. ಆದರೆ ಅದಕ್ಕೆ ನಿಶ್ಶಬ್ದವಾದ ಕೋಣೆ ಬೇಕು. ಮುಚ್ಚಿದ ಮಾದರಿಯು ಈ ವಿಶಾಲತೆಯನ್ನು ಸ್ವಲ್ಪ ಬಿಟ್ಟುಕೊಟ್ಟು ಏಕಾಂತವನ್ನು ಒದಗಿಸುತ್ತದೆ. ಸದ್ದಿನ ತಡೆ ಎಲ್ಲ ಕಂಪನಾಂಕಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಮಾತು, ಪಾತ್ರೆಯ ಸದ್ದು, ಹಾರ್ನಿನಂತಹ ಮಧ್ಯಮ ಮತ್ತು ತಾರ ಧ್ವನಿಗಳು ಚೆನ್ನಾಗಿ ತಗ್ಗುತ್ತವೆ. ಬಸ್ಸಿನ ಎಂಜಿನ್ನಿನ ಗುಡುಗುಡು ಶಬ್ದದಂತಹ ಮಂದ್ರ ಧ್ವನಿಗಳು ಅಷ್ಟಾಗಿ ತಗ್ಗುವುದಿಲ್ಲ. ವಿದ್ಯುನ್ಮಾನ ಸದ್ದು ರದ್ದತಿ ಪರಿಣಾಮಕಾರಿಯಾಗುವುದು ಈ ಮಂದ್ರ ಭಾಗದಲ್ಲಿಯೇ. ಆದುದರಿಂದ ಓದುವ ಕೋಣೆಗೆ ಸಾಮಾನ್ಯ ಮುಚ್ಚಿದ ಮಾದರಿ ಸಾಕಾಗುತ್ತದೆ. ಪ್ರತಿದಿನ ದೀರ್ಘ ಪ್ರಯಾಣ ಮಾಡುವವರಿಗೆ ಸದ್ದು ರದ್ದತಿಯಿಂದ ಪ್ರಯೋಜನ ಹೆಚ್ಚು. ಅದೇ ಬೆಲೆಯಲ್ಲಿ ಬ್ಯಾಟರಿ, ನಿಸ್ತಂತು ಮಂಡಲ ಮತ್ತು ಮೈಕ್‌ಗಳಿಗೂ ಹಣ ಹಂಚಿಹೋಗುವುದರಿಂದ, ತಂತಿಯುಳ್ಳ ಮಾದರಿಯಲ್ಲಿ ಧ್ವನಿಯ ಗುಣಮಟ್ಟಕ್ಕೆ ಉಳಿಯುವ ಪಾಲು ಸಾಮಾನ್ಯವಾಗಿ ಹೆಚ್ಚಿರುತ್ತದೆ.

ಆಯ್ಕೆಯ ಮಾನದಂಡಗಳು

ಆವೃತ್ತಿ ಸ್ಪಂದನೆ: ಮನುಷ್ಯನ ಶ್ರವಣ ವ್ಯಾಪ್ತಿ ಸುಮಾರು 20ರಿಂದ 20,000 ಹರ್ಟ್ಸ್. ಪೆಟ್ಟಿಗೆಯ ಮೇಲೆ 5ರಿಂದ 35,000 ಹರ್ಟ್ಸ್ ಎಂದು ಮುದ್ರಿಸಿದ್ದರೂ ಅದರಿಂದ ಗುಣಮಟ್ಟ ತಿಳಿಯುವುದಿಲ್ಲ. ಆ ವ್ಯಾಪ್ತಿಯೊಳಗೆ ಯಾವ ಭಾಗ ಎಷ್ಟು ಎದ್ದು ಕೇಳುತ್ತದೆ ಎಂಬುದು ಮುಖ್ಯ. 2010ರ ದಶಕದಲ್ಲಿ ಹರ್ಮನ್ ಸಂಸ್ಥೆಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಕೇಳುಗರ ಮೆಚ್ಚುಗೆಯನ್ನು ಪರೀಕ್ಷಿಸಿ ರೂಪಿಸಿದ ಹರ್ಮನ್ ರೇಖೆಯನ್ನು ಇಂದು ಹಲವು ವಿಮರ್ಶಕರು ಹೋಲಿಕೆಯ ಅಳತೆಗೋಲಾಗಿ ಬಳಸುತ್ತಾರೆ.

ಪ್ರತಿರೋಧ ಮತ್ತು ಸಂವೇದನೆ: ಪ್ರತಿರೋಧವನ್ನು ಓಮ್‌ಗಳಲ್ಲಿಯೂ ಸಂವೇದನೆಯನ್ನು ಸಾಮಾನ್ಯವಾಗಿ 1 ಮಿಲಿವ್ಯಾಟಿಗೆ ಎಷ್ಟು ಡೆಸಿಬೆಲ್ ಎಂದೂ ಸೂಚಿಸಲಾಗುತ್ತದೆ. 32 ಓಮ್ ಹೆಡ್‌ಫೋನಿಗೆ 1 ಮಿಲಿವ್ಯಾಟ್ ಕೊಡಲು ಸುಮಾರು 0.18 ವೋಲ್ಟ್ ಸಾಕು. 250 ಓಮ್‌ನದಕ್ಕೆ 0.5 ವೋಲ್ಟ್ ಬೇಕು. ಮೊಬೈಲ್ ಫೋನಿನಿಂದ ನೇರವಾಗಿ ಕೇಳುವವರಿಗೆ 80 ಓಮ್‌ಗಿಂತ ಕಡಿಮೆ ಇರುವ ಮಾದರಿಗಳು ಅನುಕೂಲ. ಹೆಚ್ಚಿನ ಪ್ರತಿರೋಧದ ಮಾದರಿ ಕೊಂಡವರು ಪ್ರತ್ಯೇಕ ಆಂಪ್ಲಿಫೈಯರಿನ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ.

ಸಂಪರ್ಕ: ತಂತಿಯ ತುದಿ 3.5 ಮಿ.ಮೀ. ಅಥವಾ 6.3 ಮಿ.ಮೀ. ಆಗಿರುತ್ತದೆ. ಹೊಸ ಫೋನುಗಳಲ್ಲಿ ಈ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿ-ಸಿ ಪರಿವರ್ತಕ ಬೇಕು. ಬ್ಲೂಟೂತ್ ಮಾದರಿಗಳಲ್ಲಿ ಎಸ್‌ಬಿಸಿ, ಎಎಸಿ, ಆಪ್ಟ್‌ಎಕ್ಸ್, ಎಲ್‌ಡ್ಯಾಕ್ ಎಂಬ ಸಂಕೇತೀಕರಣ ಕ್ರಮಗಳಿವೆ. ಫೋನು ಮತ್ತು ಹೆಡ್‌ಫೋನ್ ಎರಡರಲ್ಲೂ ಒಂದೇ ಕ್ರಮ ಇದ್ದರೆ ಮಾತ್ರ ಅದರ ಉಪಯೋಗ ದೊರೆಯುತ್ತದೆ.

ದೇಹಕ್ಕೆ ಹೊಂದಿಕೆ: ತೂಕ, ತಲೆಪಟ್ಟಿಯ ಒತ್ತಡ, ಬಟ್ಟಲಿನ ಆಳ ಇವುಗಳನ್ನು ಐದು ನಿಮಿಷದಲ್ಲಿ ತಿಳಿಯಲಾಗದು, ಕನಿಷ್ಠ ಅರ್ಧ ಗಂಟೆ ಧರಿಸಿ ನೋಡುವುದು ಸೂಕ್ತ. ಕೃತಕ ಚರ್ಮದ ಮೆತ್ತೆ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಬೇಸಿಗೆಯಲ್ಲಿ ಬೆವರು ಕಟ್ಟುತ್ತದೆ, ಕೆಲ ವರ್ಷಗಳಲ್ಲಿ ಸಿಪ್ಪೆಯೇಳುತ್ತದೆ. ಮಖಮಲ್ಲಿನ ಮೆತ್ತೆ ತಂಪಾಗಿರುತ್ತದೆ. ಸದ್ದಿನ ತಡೆ ಸ್ವಲ್ಪ ಕಡಿಮೆ.

ದುರಸ್ತಿ: ಕಳಚಬಹುದಾದ ತಂತಿ ಮತ್ತು ಬಿಡಿಯಾಗಿ ದೊರೆಯುವ ಮೆತ್ತೆ ಇರುವ ಹೆಡ್‌ಫೋನ್ ಹೆಚ್ಚು ವರ್ಷ ಬಾಳುತ್ತದೆ. ಮೊದಲು ಕೆಡುವುದು ಸಾಮಾನ್ಯವಾಗಿ ಡ್ರೈವರ್ ಅಲ್ಲ, ತಂತಿಯ ಬುಡ ಮತ್ತು ಮೆತ್ತೆ.

ಪ್ರಸಿದ್ಧ ಮಾದರಿಗಳು

ಸೋನಿ ಎಂಡಿಆರ್-7506 ಮಾದರಿಯು 1991ರಿಂದ ಬಳಕೆಯಲ್ಲಿದೆ. 63 ಓಮ್ ಪ್ರತಿರೋಧದ ಈ ಹೆಡ್‌ಫೋನನ್ನು ಧ್ವನಿಮುದ್ರಣದ ದೋಷಗಳನ್ನು ಪತ್ತೆಹಚ್ಚಲು ಬಳಸುತ್ತಾರೆ. ತಾರ ಧ್ವನಿ ಎದ್ದು ಕೇಳುವುದು ಇದರ ಲಕ್ಷಣ. ಆಡಿಯೊ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ 2014ರಲ್ಲಿ ಬಂದಿತು, 45 ಮಿ.ಮೀ. ಡ್ರೈವರ್, 38 ಓಮ್ ಪ್ರತಿರೋಧ ಮತ್ತು ಕಳಚಬಹುದಾದ ತಂತಿ ಇದರಲ್ಲಿವೆ. ಬೇಯರ್‌ಡೈನಮಿಕ್ ಡಿಟಿ 770 ಪ್ರೊ 32, 80 ಮತ್ತು 250 ಓಮ್ ಆವೃತ್ತಿಗಳಲ್ಲಿ ದೊರೆತಿದೆ. ಹೆಸರು ಒಂದೇ ಆದರೂ ಫೋನಿಗೆ ಜೋಡಿಸಿದಾಗ ಇವು ಒಂದೇ ಗಟ್ಟಿತನದಲ್ಲಿ ಕೇಳಿಸುವುದಿಲ್ಲವಾದ್ದರಿಂದ, ಕೊಳ್ಳುವ ಮೊದಲು ಓಮ್ ಸಂಖ್ಯೆಯನ್ನು ಗಮನಿಸಬೇಕು. 64 ಓಮ್‌ನ ಸೆನ್‌ಹೈಸರ್ ಎಚ್‌ಡಿ 280 ಪ್ರೊ ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುವುದಕ್ಕೆ ಹೆಸರಾಗಿದೆ. ಅದರ ತಲೆಪಟ್ಟಿಯ ಬಿಗಿ ಕೆಲವರಿಗೆ ಹಿಡಿಸುವುದಿಲ್ಲ. ಮಾರಾಟಗಾರ ಮತ್ತು ಕಾಲಕ್ಕೆ ಅನುಗುಣವಾಗಿ ಇವುಗಳ ಬೆಲೆ ಬದಲಾಗುತ್ತದೆ.

ಕನ್ನಡ ಮತ್ತು ಕರ್ನಾಟಕ ಸಂಗೀತದ ಆಲಿಕೆ

ಹೆಡ್‌ಫೋನ್ ವಿಮರ್ಶೆಗಳು ಬಹುತೇಕ ಪಾಶ್ಚಾತ್ಯ ಸಂಗೀತವನ್ನು ಆಧರಿಸಿರುತ್ತವೆ. ನಮ್ಮ ಸಂಗೀತಕ್ಕೆ ಕೆಲವು ಬೇರೆ ಪರೀಕ್ಷೆಗಳು ಉಪಯುಕ್ತ. ಹಾರ್ಮೋನಿಯಂನ ಬಿಳಿ ಒಂದನ್ನು ಆಧಾರವಾಗಿಟ್ಟುಕೊಂಡು ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್. ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಮಂದ್ರವನ್ನು ಅತಿಯಾಗಿ ಉಬ್ಬಿಸುವ ಹೆಡ್‌ಫೋನಿನಲ್ಲಿ ಮೃದಂಗದ ಎಡಭಾಗದ ಗುಂಕಾರವು ಗಾಯಕರ ಕೆಳಸ್ಥಾಯಿಯ ಸ್ವರಗಳನ್ನು ಮುಚ್ಚಿಬಿಡುತ್ತದೆ. ಮಂದ್ರ ಸೋರಿದರೆ ತಂಬೂರಿಯ ಆಧಾರವೇ ಕಳೆದುಹೋಗುತ್ತದೆ. ವೀಣೆಯ ಗಮಕಗಳು ಸ್ಪಷ್ಟವಾಗಿಯೂ, ಸ, ಶ, ಷ ಅಕ್ಷರಗಳು ಚುಚ್ಚದೆಯೂ ಕೇಳಿದರೆ ಮಧ್ಯ ಮತ್ತು ತಾರ ಭಾಗಗಳು ಸಮತೋಲದಲ್ಲಿವೆ ಎಂದು ತಿಳಿಯಬಹುದು.

ಹಳೆಯ ಧ್ವನಿಮುದ್ರಣಗಳ ಸಂಗತಿ ಬೇರೆ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾಗಿ ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ಪ್ರಸಿದ್ಧವಾದ ಗುಬ್ಬಿ ನಾಟಕ ಕಂಪನಿಯ ಕಾಲದ ರಂಗಗೀತೆಗಳಂತಹ ಸಂಗೀತವು ನಿಮಿಷಕ್ಕೆ 78 ಸುತ್ತಿನ ತಟ್ಟೆಗಳಲ್ಲಿ ಮುದ್ರಣವಾಗುತ್ತಿತ್ತು. ಅಂತಹ ತಟ್ಟೆಗಳಲ್ಲಿ ಉಳಿದಿರುವುದು ಬಹುಪಾಲು ಕೆಲವು ಸಾವಿರ ಹರ್ಟ್ಸ್‌ವರೆಗಿನ ಧ್ವನಿ ಮಾತ್ರ. ಅದಕ್ಕಿಂತ ಮೇಲೆ ಹೆಚ್ಚಾಗಿ ಕೇಳುವುದು ಮುಳ್ಳಿನ ಕರಕರ ಸದ್ದು. ತಾರ ಧ್ವನಿ ಎದ್ದುಕಾಣುವ ಹೆಡ್‌ಫೋನ್ ಆ ಸದ್ದನ್ನೇ ದೊಡ್ಡದು ಮಾಡುತ್ತದೆ. ಹಳೆಯ ರಂಗಗೀತೆ, ಭಾವಗೀತೆ, ಚಿತ್ರಗೀತೆಗಳನ್ನು ಹೆಚ್ಚು ಕೇಳುವವರಿಗೆ ಮೃದುವಾದ ತಾರ ಧ್ವನಿಯ ಮಾದರಿ ಹಿತವೆನಿಸುತ್ತದೆ.

ಶ್ರವಣ ಸುರಕ್ಷತೆ

ಮುಚ್ಚಿದ ಹೆಡ್‌ಫೋನಿನ ಅತ್ಯಂತ ಮುಖ್ಯ ಪ್ರಯೋಜನ ಆರೋಗ್ಯಕ್ಕೆ ಸಂಬಂಧಿಸಿದೆ. ಸುತ್ತಲಿನ ಗದ್ದಲವನ್ನು ಮೀರಿಸಲು ಕೇಳುಗರು ತಮಗರಿವಿಲ್ಲದೆಯೇ ಧ್ವನಿಮಟ್ಟವನ್ನು ಏರಿಸುತ್ತಾರೆ. ಗದ್ದಲ ತಗ್ಗಿದರೆ ಏರಿಸುವ ಅಗತ್ಯವೂ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಮಿತಿಯಾಗಿದ್ದು, ಮಕ್ಕಳಿಗೆ ಅದು 75 ಡೆಸಿಬೆಲ್. ಮಟ್ಟ 3 ಡೆಸಿಬೆಲ್ ಏರಿದಾಗ ಧ್ವನಿಶಕ್ತಿ ಇಮ್ಮಡಿಯಾಗುವುದರಿಂದ ಸುರಕ್ಷಿತ ಕಾಲ ಅರ್ಧಕ್ಕಿಳಿಯುತ್ತದೆ. ಅಂದರೆ ವಯಸ್ಕರಿಗೆ ವಾರಕ್ಕೆ 83 ಡೆಸಿಬೆಲ್‌ನಲ್ಲಿ 20 ಗಂಟೆ, 86ರಲ್ಲಿ 10 ಗಂಟೆ, 89ರಲ್ಲಿ 5 ಗಂಟೆ, 92ರಲ್ಲಿ ಎರಡೂವರೆ ಗಂಟೆ ಮಾತ್ರ. ಗುಬ್ಬಿ ಅಥವಾ ತುಮಕೂರಿನಿಂದ ಬೆಂಗಳೂರಿಗೆ ದಿನವೂ ಹೋಗಿಬರುವ ವಿದ್ಯಾರ್ಥಿ ಅಥವಾ ನೌಕರ ಪ್ರಯಾಣದಲ್ಲಿ ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ ಸಂಗೀತ ಕೇಳಿದರೆ ಒಟ್ಟು 20 ಗಂಟೆಯಾಗುತ್ತದೆ. 83 ಡೆಸಿಬೆಲ್‌ನಲ್ಲಿ ಅದು ಮಿತಿಯ ಅಂಚು. 89ಕ್ಕೆ ಏರಿಸಿದರೆ ಮಿತಿಯ ನಾಲ್ಕು ಪಟ್ಟು. ಒಳಕಿವಿಯ ಕೇಶಕೋಶಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕೇಳಿದ ಬಳಿಕ ಕಿವಿಯಲ್ಲಿ ಗುಂಯ್‌ಗುಡುವ ನಾದ ಉಳಿದರೆ ಅದನ್ನು ಎಚ್ಚರಿಕೆಯೆಂದು ಭಾವಿಸಬೇಕು.

ಇದೇ ಗುಣ ರಸ್ತೆಯಲ್ಲಿ ಅಪಾಯವಾಗುತ್ತದೆ. ವಾಹನ ಚಲಾಯಿಸುವಾಗ, ರಸ್ತೆ ಅಥವಾ ರೈಲು ಹಳಿ ದಾಟುವಾಗ ಹೆಡ್‌ಫೋನ್ ತೆಗೆದಿಡುವುದು ಅವಶ್ಯಕ.

ಖರೀದಿ ಮತ್ತು ಗ್ರಾಹಕರ ಹಕ್ಕು

ಬೆಂಗಳೂರಿನ ಎಸ್.ಪಿ. ರಸ್ತೆ ವಿದ್ಯುನ್ಮಾನ ಸರಕುಗಳಿಗೆ ಹೆಸರಾಗಿದೆ. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಂತಹ ಹೋಬಳಿ ಕೇಂದ್ರಗಳಲ್ಲಿರುವವರು ಇಂತಹ ಮಾದರಿಗಳನ್ನು ಕೇಳಿ ನೋಡಲು ದೂರದ ನಗರಕ್ಕೆ ಹೋಗಬೇಕು, ಇಲ್ಲವೇ ಕೇಳದೆಯೇ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬೇಕು. ತರಿಸಿಕೊಳ್ಳುವ ಮುನ್ನ ಹಿಂತಿರುಗಿಸುವ ಅವಧಿಯನ್ನು ಓದಿಕೊಳ್ಳುವುದು ಒಳಿತು. ಹೆಸರಾಂತ ಮಾದರಿಗಳ ನಕಲುಗಳೂ ಮಾರಾಟವಾಗುತ್ತವೆ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ ಇರಬೇಕೆಂಬುದು 2011ರ ಪೊಟ್ಟಣ ಸರಕು ನಿಯಮಗಳ ವಿಧಿ. ಈ ವಿವರಗಳಿಲ್ಲದ, ರಸೀದಿ ಕೊಡದ, ಅತಿ ಅಗ್ಗದ ಸರಕು ಸಂಶಯಾಸ್ಪದ. ರಸೀದಿ ಇಲ್ಲದಿದ್ದರೆ ವಾರಂಟಿ ಪಡೆಯುವುದೂ ಕಷ್ಟ.

ದೋಷಪೂರಿತ ಸರಕನ್ನು ಮಾರಾಟಗಾರರು ಬದಲಿಸಿಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಸ್ಥಳದ ವ್ಯಾಪ್ತಿಯ ಆಯೋಗದಲ್ಲಿಯೇ ದೂರು ನೀಡಬಹುದಾದ್ದರಿಂದ, ದೂರದೂರಿನಿಂದ ತರಿಸಿದ ಸರಕಿಗಾಗಿ ಮಾರಾಟಗಾರರ ಊರಿಗೆ ಅಲೆಯಬೇಕಾಗಿಲ್ಲ.

ನಿರ್ವಹಣೆ

ಬಳಕೆಯ ನಂತರ ಮೆತ್ತೆಯನ್ನು ಒಣಬಟ್ಟೆಯಿಂದ ಒರೆಸುವುದು, ತಂತಿಯನ್ನು ಬಿಗಿಯಾಗಿ ಸುತ್ತದೆ ಸಡಿಲವಾಗಿ ಮಡಿಸಿಡುವುದು, ಪ್ಲಗ್ಗನ್ನು ತಂತಿ ಹಿಡಿದು ಎಳೆಯದಿರುವುದು ಇವು ಹೆಡ್‌ಫೋನಿನ ಆಯುಷ್ಯವನ್ನು ಹೆಚ್ಚಿಸುತ್ತವೆ. ಬ್ಲೂಟೂತ್ ಮಾದರಿಗಳ ಲಿಥಿಯಂ ಬ್ಯಾಟರಿ ಬಿಸಿಲಿನ ತಾಪಕ್ಕೆ ಬೇಗ ಸವೆಯುವುದರಿಂದ ಅವುಗಳನ್ನು ನಿಲ್ಲಿಸಿದ ವಾಹನದೊಳಗೆ ಬಿಡಬಾರದು. ಮೆತ್ತೆ ಚಪ್ಪಟೆಯಾದಾಗ ಮಂದ್ರ ಧ್ವನಿ ಕುಗ್ಗುತ್ತದೆ. ಹೆಡ್‌ಫೋನ್ ಹಾಳಾಯಿತೆಂದು ಹೊಸದನ್ನು ಕೊಳ್ಳುವ ಮೊದಲು ಮೆತ್ತೆ ಬದಲಿಸಿ ನೋಡಿದರೆ ಹಲವು ಬಾರಿ ಹಳೆಯ ಧ್ವನಿ ಮರಳಿ ದೊರೆಯುತ್ತದೆ.