ಪಾಯಿಂಟ್ ಬಂತು ಸರಿ, ದುಡ್ಡೆಷ್ಟು ಬಂತು?

ಕ್ರೆಡಿಟ್ ಕಾರ್ಡ್ ಉಜ್ಜಿ 10,000 ರೂಪಾಯಿ ಖರ್ಚು ಮಾಡಿದ್ರಿ, 200 ಪಾಯಿಂಟ್ ಬಂತು ಅಂದ್ಕೊಳ್ಳಿ. ಖುಷಿನಾ? ತಡೀರಿ, ಲೆಕ್ಕ ಹಾಕೋಣ.

ಪಾಯಿಂಟ್‌ಗೆ 25 ಪೈಸೆ ಅಂದ್ರೆ, ಸಿಕ್ಕಿದ್ದು ಬರೀ 50 ರೂಪಾಯಿ!

ಅದೇ ಬಿಲ್ ಒಂದು ತಿಂಗಳು ಬಾಕಿ ಉಳಿಸಿದ್ರೆ? 3.5% ಬಡ್ಡಿಯಂತೆ 350 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ 63. ಒಟ್ಟು 413 ಹೋಯ್ತು! ಮಿನಿಮಮ್ ಡ್ಯೂ ಕಟ್ಟಿದ್ರೂ ಉಳಿದಿದ್ದಕ್ಕೆ ಬಡ್ಡಿ ತಪ್ಪಲ್ಲ.

ಪೆಟ್ರೋಲ್, ಮನೆ ಬಾಡಿಗೆ, ವಾಲೆಟ್‌ಗೆ ಹಾಕೋ ದುಡ್ಡು... ಇವಕ್ಕೆಲ್ಲ ಎಷ್ಟೋ ಕಾರ್ಡ್‌ಗಳು ಪಾಯಿಂಟ್ ಕೊಡಲ್ಲ.

ಪಾಯಿಂಟ್ ಬಳಸೋ ಮುಂಚೆ ಕ್ಯಾಶ್‌ಬ್ಯಾಕ್, ವೋಚರ್, ವಿಮಾನ ಟಿಕೆಟ್, ಯಾವುದಕ್ಕೆ ಬೆಲೆ ಜಾಸ್ತಿ ನೋಡಿ. ರಿಡೆಂಪ್ಶನ್ ಶುಲ್ಕ, ಎಕ್ಸ್‌ಪೈರಿ ದಿನಾಂಕನೂ ಆ್ಯಪ್‌ನಲ್ಲಿ ಗಮನಿಸಿ.

ಪಾಯಿಂಟ್ ಆಸೆಗೆ ಬೇಡದ್ದು ಕೊಳ್ಬೇಡಿ. ಗಡುವಿನೊಳಗೆ ಪೂರ್ತಿ ಬಿಲ್ ಕಟ್ಟಿ. ಆಗಷ್ಟೇ ಪಾಯಿಂಟ್ ಲಾಭ!