ಆರು ಗಂಟೆಯೊಳಗೆ ಸುದ್ದಿ ಮುಟ್ಟಬೇಕಾದ ಕಚೇರಿ

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರ್‌ಗಳು ಕೈಕೊಟ್ಟವು. ನೋಂದಣಿ, ಲ್ಯಾಬ್ ವರದಿ, ಬಿಲ್ಲು ಎಲ್ಲವನ್ನೂ ಸಿಬ್ಬಂದಿ ದಿನಗಟ್ಟಲೆ ಕೈಯಲ್ಲೇ ಬರೆಯಬೇಕಾಯಿತು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ದುಷ್ಕರ್ಮಿಗಳು ಬೀಗ ಜಡಿದಿದ್ದರು. ಈ ದಾಳಿಯನ್ನು ಪರಿಶೀಲಿಸಿದ್ದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್. ಆಸ್ಪತ್ರೆಯ ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ ಎಂಬುದು ಹೊರಬಿದ್ದ ಕಾರಣ. ಅಂಥ ನೆಟ್‌ವರ್ಕಿನಲ್ಲಿ ಒಂದು ಕಡೆ ನುಸುಳಿದವರಿಗೆ ಉಳಿದ ಕಡೆಗೂ ದಾರಿ ಸಿಗುತ್ತದೆ. ತರಬೇತಿ ಪಡೆದ ಎಂಜಿನಿಯರ್ ಒಬ್ಬರು ಮೊದಲೇ ಗುರುತಿಸಬಹುದಾಗಿದ್ದ ಲೋಪವಿದು; ಅದಕ್ಕೇ ಹೆಚ್ಚು ನೋವಾಗುತ್ತದೆ.

ಸರ್ಟ್-ಇನ್ ಕೆಲಸ ಶುರು ಮಾಡಿದ್ದು 2004ರ ಜನವರಿಯಲ್ಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮಿನಡಿ ಅದಕ್ಕೆ ಕಾನೂನಿನ ಬಲವಿದೆ. ಅದು ಪೊಲೀಸ್ ಠಾಣೆಯಲ್ಲ. ಎಲ್ಲಿ ದಾಳಿಯಾಗಿದೆ, ಯಾವ ಸಾಫ್ಟ್‌ವೇರ್‌ನಲ್ಲಿ ಬಿರುಕಿದೆ ಎಂದು ತಿಳಿದು ದೇಶಕ್ಕೆಲ್ಲ ಎಚ್ಚರಿಕೆ ಕೊಡುವುದು, ಪೆಟ್ಟು ತಿಂದವರು ಚೇತರಿಸಿಕೊಳ್ಳಲು ನೆರವಾಗುವುದು ಅದರ ಕೆಲಸ. 2017ರಲ್ಲಿ ಆರಂಭವಾದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಮನೆಯ ಕಂಪ್ಯೂಟರ್, ಮೊಬೈಲ್‌ಗಳನ್ನು ಶುದ್ಧಗೊಳಿಸುವ ಸಾಧನಗಳನ್ನು ಉಚಿತವಾಗಿಯೇ ಕೊಡುತ್ತಿದೆ.

ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸಂಸ್ಥೆಗಳು ತನಗೆ ತಿಳಿಸಬೇಕು, ಲಾಗ್ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು ಎಂದು 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಆದೇಶ ಹೊರಡಿಸಿತು. ಸಮಯ ಸಾಲದೆಂದು ಉದ್ಯಮದವರು ತಕರಾರು ತೆಗೆದರು. ನನ್ನ ಮಟ್ಟಿಗೆ ಆದೇಶವೇ ಸರಿ. ಇಂದು ಒಂದು ಬ್ಯಾಂಕಿನ ಮೇಲೆ ನಡೆದ ದಾಳಿ ನಾಳೆ ಇನ್ನೊಂದರ ಬಾಗಿಲಿಗೆ ಬರುತ್ತದೆ. ಮೊದಲನೆಯವರು ಮುಚ್ಚಿಟ್ಟರೆ ಎರಡನೆಯವರಿಗೆ ಉಳಿಗಾಲವಿಲ್ಲ.

ಸುದ್ದಿ ಕೊಡಲಾದರೂ ದಾಳಿಯನ್ನು ಗುರುತಿಸಬಲ್ಲವರು ಬೇಕು. ಅದಕ್ಕಾಗಿ ಸರ್ಟ್-ಇನ್ ಸರ್ಕಾರಿ ಇಲಾಖೆಗಳ, ಬ್ಯಾಂಕುಗಳ ಸಿಸ್ಟಂ ಅಡ್ಮಿನ್‌ಗಳಿಗೆ ಕಾರ್ಯಾಗಾರ ನಡೆಸುತ್ತದೆ. ಅಣಕು ದಾಳಿ ಮಾಡಿಸಿ, ಯಾರು ಯಾವ ನಿರ್ಧಾರಕ್ಕೆ ಎಷ್ಟು ಹೊತ್ತು ತಡವರಿಸುತ್ತಾರೆಂದು ನೋಡುತ್ತದೆ. ಪುಸ್ತಕದಿಂದ ಬಾರದ ಕಲಿಕೆ ಇದು. ನಮ್ಮ ರಾಜ್ಯವೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ ‘ಸೈಸೆಕ್’ ಎಂಬ ಸೈಬರ್ ಭದ್ರತಾ ಕೇಂದ್ರವನ್ನು ಕಟ್ಟಿದೆ. ಆದರೂ ತಾಲ್ಲೂಕು ಆಸ್ಪತ್ರೆ, ಸಹಕಾರಿ ಬ್ಯಾಂಕುಗಳವರೆಗೆ ಈ ತರಬೇತಿ ಇನ್ನೂ ಬೇಗ ಇಳಿಯಬೇಕು.

ನಿಮ್ಮ ಕಚೇರಿಯ ಕಂಪ್ಯೂಟರ್ ದಾಳಿಗೆ ಸಿಕ್ಕರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ, ಸರ್ಟ್-ಇನ್‌ಗೆ ತಿಳಿಸಿ. ಖಾತೆಯಿಂದ ಹಣವೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.