ಪತ್ರಾಸಿನ ಮನೆಯ ಮೀನುಗಳು

ಕನ್ನಡದಲ್ಲಿ 'ಕಾಯು' ಎಂಬ ಕ್ರಿಯಾಪದಕ್ಕೆ ಎರಡು ಮುಖಗಳಿವೆ. ಒಲೆಯ ಮೇಲಿನ ಹಂಚು ಕಾಯುತ್ತದೆ. ಹೊಲದ ಬೆಳೆಯನ್ನು ರೈತನು ಕಾಯುತ್ತಾನೆ. ಒಂದು ಬಿಸಿಯಾಗುವುದು, ಇನ್ನೊಂದು ರಕ್ಷಿಸುವುದು. ಭೂತಕಾಲದಲ್ಲಿಯೂ ಇವೆರಡರ ರೂಪ ಒಂದೇ: ಕಾದ ಹಂಚು, ಊರನ್ನು ಕಾದ ವೀರ. ಉಚ್ಚಾರಣೆ ಒಂದಾದರೂ ಧಾತುಗಳು ಬೇರೆ ಎಂದು ತರಗತಿಯಲ್ಲಿ ನಾನು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಆದರೆ ಒಂದು ಅರ್ಥದಲ್ಲಿ ಕಾಯುವ ವಸ್ತು ಇನ್ನೊಂದು ಅರ್ಥದಲ್ಲಿ ಕಾಯಲಾರದು ಎಂಬ ಮಾತು ನನಗೆ ಮನದಟ್ಟಾದದ್ದು ಕಲಬುರಗಿಯ ಹೊರವಲಯದ ಒಂದು ತಗಡಿನ ಕೊಠಡಿಯಲ್ಲಿ, ಬಣ್ಣದ ಮೀನುಗಳ ನಡುವೆ.

ಆ ಕೊಠಡಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಬಿ.ಎ. ಮುಗಿಸಿ, ಕೆಲಸಕ್ಕಾಗಿ ಎರಡು ವರ್ಷ ಅಲೆದು, ಕಡೆಗೆ ಅಲಂಕಾರದ ಮೀನುಗಳನ್ನು ಮರಿಮಾಡಿಸಿ ಅಂಗಡಿಗಳಿಗೆ ಒದಗಿಸುವ ಕಸುಬನ್ನು ಹಿಡಿದವನು ಅವನು. ಬಂಡವಾಳವೆಂದರೆ ಅವನ ತಾಯಿ ತನ್ನ ಮಹಿಳಾ ಸಂಘದಿಂದ ಎತ್ತಿಕೊಟ್ಟ ಸಾಲ. ಮನೆಯ ಹಿತ್ತಲಲ್ಲಿ 10 ಅಡಿ ಅಗಲ, 12 ಅಡಿ ಉದ್ದ, 8 ಅಡಿ ಎತ್ತರದ ಕೊಠಡಿ. ಕಬ್ಬಿಣದ ಆ್ಯಂಗಲ್ಲುಗಳ ಚೌಕಟ್ಟು. ನಾಲ್ಕು ಕಡೆಗೂ ಮೇಲಕ್ಕೂ ಸತುವಿನ ಲೇಪವುಳ್ಳ ಏರುತಗ್ಗಿನ ತಗಡು. ನಮ್ಮ ಕಡೆಯಲ್ಲಿ ಇದಕ್ಕೆ 'ಪತ್ರಾಸ್' ಎನ್ನುತ್ತಾರೆ. ಒಳಗೆ ಗಾಜಿನವೂ ಸಿಮೆಂಟಿನವೂ ಆದ ತೊಟ್ಟಿಗಳಲ್ಲಿ ಒಟ್ಟು 1500 ಲೀಟರಿನಷ್ಟು ನೀರು. ಅದರಲ್ಲಿ ಗಪ್ಪಿ, ಮೋಲಿ, ಏಂಜಲ್ ಮೀನುಗಳು.

ಬಿಸಿಲ ನಾಡಿನಲ್ಲಿ ಮೀನಿನ ಹವ್ಯಾಸವೇ ಎಂದು ಹುಬ್ಬೇರಿಸಬೇಕಾಗಿಲ್ಲ. ನಮಗೆ ದೂರವಲ್ಲದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದೆ. ಮೀನುಗಳ ಜಾತಿಗಳನ್ನೂ ಅವಕ್ಕೆ ಹಾಕುವ ಆಹಾರವನ್ನೂ ಅಲ್ಲಿ ವಿವರಿಸಿದೆ. ಆದರೆ ದೊರೆಯ ಮೀನುಗಳಿಗೆ ಕೆರೆಹೊಳೆಗಳಿದ್ದುವು. ನನ್ನ ವಿದ್ಯಾರ್ಥಿಯ ಮೀನುಗಳಿಗೆ ಇದ್ದುದು ಪತ್ರಾಸು.

ಈ ತಗಡಿನ ಇತಿಹಾಸ ದೀರ್ಘವಾದುದಲ್ಲ. ಲಂಡನ್ನಿನ ಬಂದರಿನ ಇಂಜಿನಿಯರನಾಗಿದ್ದ ಹೆನ್ರಿ ರಾಬಿನ್ಸನ್ ಪಾಮರ್ ಎಂಬಾತನು ಏರುತಗ್ಗಿನ ಕಬ್ಬಿಣದ ಹಾಳೆಗೆ 1829ರಲ್ಲಿ ಹಕ್ಕುಪತ್ರ ಪಡೆದನು. ಕಬ್ಬಿಣಕ್ಕೆ ಸತುವಿನ ಲೇಪ ಕೊಟ್ಟು ತುಕ್ಕನ್ನು ತಡೆಯುವ ವಿಧಾನಕ್ಕೆ ಫ್ರಾನ್ಸಿನಲ್ಲಿ ಸೊರೆಲನು 1837ರಲ್ಲಿ ಹಕ್ಕು ಪಡೆದನು. ಹಗುರ, ಅಗ್ಗ, ಒಂದೇ ದಿನದಲ್ಲಿ ನಿಲ್ಲಿಸಬಹುದು, ಬೇಡವಾದರೆ ಬಿಚ್ಚಿ ಒಯ್ಯಬಹುದು. ಇಷ್ಟು ಗುಣಗಳಿಂದ ಅದು ಲೋಕವನ್ನೆಲ್ಲ ಹೊದೆಯಿತು. ನಮ್ಮ ಸೀಮೆಯ ಹಳೆಯ ಮನೆಗಳಾದರೋ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹಗಲಿನ ಬಿಸಿಲು ಆ ಗೋಡೆಯನ್ನು ದಾಟಿ ಒಳಗೆ ಬರುವ ಹೊತ್ತಿಗೆ ಹೊರಗೆ ರಾತ್ರಿಯಾಗಿರುತ್ತಿತ್ತು. ಅರ್ಧ ಮಿಲಿಮೀಟರಿನ ತಗಡಿಗೆ ಅಂಥ ಸಾವಧಾನವಿಲ್ಲ. ಬೇಸಿಗೆಯಲ್ಲಿ ನಮ್ಮಲ್ಲಿ ಹವೆಯ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಆಗ ನಡುಹಗಲಿನ ತಗಡು 60 ಡಿಗ್ರಿಯನ್ನೂ ಮೀರುತ್ತದೆ. ರಾತ್ರಿ ಅದೇ ತಗಡು ತನ್ನ ಬಿಸಿಯನ್ನು ಬರಿಯ ಆಕಾಶಕ್ಕೆ ಸೂಸಿ ಸುತ್ತಣ ಹವೆಗಿಂತಲೂ ತಣ್ಣಗಾಗುತ್ತದೆ.

ಮನುಷ್ಯನಾದರೆ ಸೆಕೆಯಲ್ಲಿ ಬೆವರುತ್ತಾನೆ, ಎದ್ದು ಮರದ ನೆರಳಿಗೆ ಹೋಗುತ್ತಾನೆ. ಮೀನಿಗೆ ಸ್ವಂತದ ಮೈಬಿಸಿ ಇಲ್ಲ. ನೀರಿನ ಬಿಸಿಯೇ ಅದರ ಮೈಬಿಸಿ. ಮೇಲಾಗಿ ಕಾದ ನೀರು ಪ್ರಾಣವಾಯುವನ್ನು ಹಿಡಿದಿಟ್ಟುಕೊಳ್ಳಲಾರದು. 20 ಡಿಗ್ರಿಯ ಒಂದು ಲೀಟರು ಸಿಹಿನೀರು ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಧರಿಸಬಲ್ಲುದಾದರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಅದೇ ಬಿಸಿಯಲ್ಲಿ ಮೀನಿನ ದೇಹವ್ಯಾಪಾರ ತೀವ್ರವಾಗಿ, ಅದಕ್ಕೆ ಬೇಕಾಗುವ ಪ್ರಾಣವಾಯು ಹೆಚ್ಚುತ್ತದೆ. ಅಗತ್ಯ ಏರಿದಂತೆ ಒದಗುವುದು ಇಳಿಯುತ್ತದೆ. 2023ರ ಏಪ್ರಿಲಿನ ಒಂದು ಮಧ್ಯಾಹ್ನ ವಿದ್ಯುತ್ತು ಹೋಗಿ, ಗಾಳಿಯೂಡುವ ಪಂಪು ನಿಂತು, ತೊಟ್ಟಿಯ ನೀರು 36 ಡಿಗ್ರಿಗೆ ಏರಿದ್ದಾಗ, ಆ ಹುಡುಗನು ಆರು ತಿಂಗಳು ಸಾಕಿದ ಏಂಜಲ್ ಮೀನುಗಳೆಲ್ಲವೂ ಒಂದೆರಡು ಗಂಟೆಗಳಲ್ಲಿ ತೇಲಿದುವು. ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ನಿಂತೇ ಇತ್ತು.

ಆ ಬಳಿಕ ಅವನು ಕಸುಬನ್ನು ಬಿಡಲಿಲ್ಲ. ಕೊಠಡಿಯನ್ನು ತಿದ್ದಲು ತೊಡಗಿದನು. ತಿದ್ದುವುದೆಂದರೇನು? ಕುರುಬರ ಕಂಬಳಿಯನ್ನು ನೆನೆದರೆ ಉತ್ತರ ಸಿಕ್ಕುತ್ತದೆ. ಕಂಬಳಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯು ಬಿಸಿಯ ಸಂಚಾರವನ್ನು ತಡೆಯುತ್ತದೆ, ಅಷ್ಟೆ. ಆದುದರಿಂದಲೇ ಮೈಯನ್ನು ಬೆಚ್ಚಗಿಡುವ ಕಂಬಳಿ ಮಂಜುಗಡ್ಡೆಯನ್ನು ಕರಗದಂತೆಯೂ ಕಾಪಾಡಬಲ್ಲುದು. ಇಂದು ಪೇಟೆಯಲ್ಲಿ ದೊರೆಯುವ ಥರ್ಮೋಕೋಲ್ ಇದೇ ತತ್ತ್ವದ್ದು. ಅದರ ಗಾತ್ರದ ನೂರರಲ್ಲಿ 98 ಪಾಲು ಬರಿಯ ಗಾಳಿ. ಉಕ್ಕಿನಲ್ಲಿ ಬಿಸಿ ಹರಿಯುವ ಸುಲಭತೆಯನ್ನು ಇದರೊಡನೆ ಹೋಲಿಸಿದರೆ ಅಂತರ ಸಾವಿರ ಪಟ್ಟಿಗೂ ಮಿಗಿಲು.

ಹಾಗೆಂದು ಹಾಳೆಗಳನ್ನು ತಗಡಿಗೆ ಅಂಟಿಸಿದ ಮಾತ್ರಕ್ಕೆ ಮೀನಿನ ಕೋಣೆ ಸಿದ್ಧವಾಗದು. ಇಲ್ಲಿ ಬಿಸಿಲಿನಷ್ಟೇ ಬಲವಾದ ಇನ್ನೊಬ್ಬ ವೈರಿ ಇದ್ದಾನೆ. ಅವನು ಒಳಗಿನವನು, ನೀರಿನ ಆವಿ. ಕೋಣೆಯ ಹವೆ 27 ಡಿಗ್ರಿಯಲ್ಲಿದ್ದು ತೇವ ನೂರಕ್ಕೆ 80ರಷ್ಟಿದ್ದರೆ, 23 ಡಿಗ್ರಿಗಿಂತ ತಣ್ಣಗಾದ ಯಾವ ಮೈಯ ಮೇಲಾದರೂ ಅದು ಹನಿಗಟ್ಟುತ್ತದೆ. ಪುಷ್ಯಮಾಸದ ಬೆಳಗಿನ ಜಾವದಲ್ಲಿ ತಗಡು ಬೆವರುವುದು ಇದರಿಂದಲೇ. ಆ ಹನಿ ಗೋಡೆಯ ಒಳಪದರಗಳಲ್ಲಿ ನಿಂತರೆ ಮರ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಬೂಷ್ಟು ಬೆಳೆಯುತ್ತದೆ. ಆದುದರಿಂದ ಪದರಗಳಿಗೆ ಒಂದು ಕ್ರಮವಿದೆ. ಹೊರಗಡೆಯ ತಗಡಿಗೆ ಬಿಳಿಯ ಬಣ್ಣ. ತಗಡಿನ ಒಳಗೆ ಒಂದು ಅಂಗುಲದ ಖಾಲಿ ಜಾಗ. ಅನಂತರ ಎರಡು ಅಂಗುಲದ ಥರ್ಮೋಕೋಲ್, ಸಂದುಗಳಿಗೆಲ್ಲ ಪಟ್ಟಿ. ಅದರ ಒಳಮೈಗೆ ಸೀಳಿಲ್ಲದ ಪಾಲಿಥೀನ್ ಹಾಳೆ. ಎಲ್ಲಕ್ಕೂ ಒಳಗೆ ಸಿಮೆಂಟಿನ ಹಲಗೆ. ಆವಿಯನ್ನು ತಡೆಯುವ ಹಾಳೆ ಬೆಚ್ಚಗಿನ ಒಳಬದಿಗೇ ಇರತಕ್ಕದ್ದು. ಕಬ್ಬಿಣದ ಚೌಕಟ್ಟು ಒಳಹಲಗೆಯನ್ನು ನೇರವಾಗಿ ಮುಟ್ಟಿದರೆ ಬಿಸಿಗೆ ಅದೇ ಸೇತುವೆ. ಆದುದರಿಂದ ಇವುಗಳ ನಡುವೆ ಮರದ ಪಟ್ಟಿ ಕೊಡಬೇಕು. ಪ್ಲೈವುಡ್ಡು ತೇವಕ್ಕೆ ಉಬ್ಬುತ್ತದೆ. ಥರ್ಮೋಕೋಲ್ ಕಿಡಿ ತಾಗಿದರೆ ಉರಿಯುವ ವಸ್ತು. ಅದನ್ನು ಬರಿಮೈಯಲ್ಲಿ ಬಿಡಕೂಡದು, ವಿದ್ಯುತ್ತಿನ ತಂತಿಯನ್ನು ಅದರೊಳಗಿಂದ ಎಳೆಯಕೂಡದು. ನೀರು ಮತ್ತು ವಿದ್ಯುತ್ತು ಒಂದೇ ಸೂರಿನಡಿ ಇರುವ ಕಡೆ ಸೋರಿಕೆಯಾದೊಡನೆ ಪ್ರವಾಹವನ್ನು ಕಡಿದುಹಾಕುವ ಸ್ವಿಚ್ಚು ಅನುಕೂಲದ ಮಾತಲ್ಲ, ಪ್ರಾಣದ ಮಾತು.

ಇಷ್ಟಾದ ಮೇಲೆಯೂ ಒಂದು ಸತ್ಯ ಉಳಿಯುತ್ತದೆ. ಗೋಡೆ ತಡೆಯಬಲ್ಲುದೇ ಹೊರತು ತಂಪನ್ನು ಸೃಷ್ಟಿಸಲಾರದು. ಸುಮ್ಮನೆ ಮುಚ್ಚಿಟ್ಟರೆ ಕೋಣೆಯು ಕೆಲವು ದಿನಗಳಲ್ಲಿ ಹಗಲಿರುಳುಗಳ ಸರಾಸರಿ ಉಷ್ಣತೆಗೆ ಬಂದು ನಿಲ್ಲುತ್ತದೆ. ವೈಶಾಖದಲ್ಲಿ ಆ ಸರಾಸರಿಯೇ ಮೀನಿಗೆ ಹೆಚ್ಚು. ಆದುದರಿಂದ ರಾತ್ರಿ ಕಿಟಕಿ ತೆರೆದು, ಬೆಳಗಾದೊಡನೆ ಮುಚ್ಚಿ, ಒಳಗಿನ ತೇವದ ಹವೆಯನ್ನು ಒಂದು ಸಣ್ಣ ಫ್ಯಾನಿನಿಂದ ಹೊರದೂಡಬೇಕು. ಮಿಕ್ಕ ಕೆಲಸವನ್ನು ಮಣ್ಣಿನ ಗಡಿಗೆಯ ಉಪಾಯ ಮಾಡುತ್ತದೆ: ನೀರು ಆವಿಯಾಗುವಾಗ ತನ್ನೊಡನೆ ಬಿಸಿಯನ್ನು ಒಯ್ಯುತ್ತದೆ. ಒಂದು ಲೀಟರು ನೀರು ಆವಿಯಾದರೆ 500 ಲೀಟರಿಗಿಂತ ಹೆಚ್ಚು ನೀರಿನ ಉಷ್ಣತೆ ಒಂದು ಡಿಗ್ರಿ ಇಳಿಯಬಲ್ಲುದು. ನಮ್ಮ ಒಣಹವೆ ಇದಕ್ಕೆ ತಕ್ಕುದಾಗಿಯೇ ಇದೆ.

ಇನ್ನೊಂದು ಬಲವೂ ಉಂಟು. ಅದು ತೊಟ್ಟಿಯ ನೀರೇ. ಆ ಕೋಣೆಯನ್ನು ತುಂಬಿದ ಗಾಳಿಯನ್ನೆಲ್ಲ ಒಂದು ಡಿಗ್ರಿ ಏರಿಸಲು ಬೇಕಾದ ಬಿಸಿ, ಎಂಟು ಲೀಟರು ನೀರನ್ನು ಒಂದು ಡಿಗ್ರಿ ಏರಿಸುವಷ್ಟು ಮಾತ್ರ. ಒಳಗಿರುವುದೋ 1500 ಲೀಟರು. ಬಿಸಿಯ ಓಟವನ್ನು ಗೋಡೆ ತಡೆದು ನಿಧಾನಗೊಳಿಸಿದರೆ, ಉಳಿದುದನ್ನು ಈ ನೀರು ತನ್ನ ಗಾಂಭೀರ್ಯದಿಂದಲೇ ನುಂಗಿಕೊಳ್ಳುತ್ತದೆ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಮತ್ಸ್ಯಾಲಯವನ್ನು ಕಟ್ಟಿದ ವಿಲಿಯಂ ಆಲ್ಫರ್ಡ್ ಲಾಯ್ಡನು, ಪ್ರದರ್ಶನದ ತೊಟ್ಟಿಗಳಿಗಿಂತ ಎಷ್ಟೋ ದೊಡ್ಡದಾದ ನೀರಿನ ಆಗರವನ್ನು ಕೆಳಗೆ ಕತ್ತಲಲ್ಲಿಟ್ಟು, ಆ ನೀರನ್ನೇ ಸುತ್ತಿಸುತ್ತಿದ್ದುದು ಇದೇ ತಿಳಿವಳಿಕೆಯಿಂದ.

ಕೆಲಸ 2024ರ ಫೆಬ್ರವರಿಯಲ್ಲಿ ಮುಗಿಯಿತು. ಆ ಮೇ ತಿಂಗಳ ಒಂದು ಮಧ್ಯಾಹ್ನ, ಹೊರಗೆ 41 ಡಿಗ್ರಿ ಇದ್ದಾಗ, ನಾನು ಅಲ್ಲಿಗೆ ಹೋದೆನು. ತೊಟ್ಟಿಯ ನೀರಿನಲ್ಲಿ 30 ಡಿಗ್ರಿ. ಹೊಸದಾಗಿ ತಂದ ಏಂಜಲ್ ಜೋಡಿಯೊಂದು ಎಲೆಯ ಮೇಲೆ ಮೊಟ್ಟೆಯಿಟ್ಟು ರೆಕ್ಕೆ ಬೀಸುತ್ತ ಕಾವಲು ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನ ಕಣ್ಣು ಸೆಳೆದುದು, ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ ಅವನ ತಾಯಿ. ಮೀನು ನೋಡಿಕೊಳ್ಳಲು ಕುಳಿತಿದ್ದೀರೇನಮ್ಮಾ ಎಂದು ಕೇಳಿದೆ.

"ಮೀನು ನನ್ನ ನೋಡ್ಕೋತಾವರಿ ಮಾಸ್ತರ್ರೇ. ಇಲ್ಲಿ ಜರಾ ತಂಪ ಅದ," ಎಂದರು ಆಕೆ.

ಅವರು ವಾಸವಾಗಿರುವ ಮುಂದಿನ ಎರಡು ಕೋಣೆಗಳ ಸೂರೂ ಪತ್ರಾಸಿನದೇ. ಅದೇ ತಗಡು, ಅದೇ ಬಿಸಿಲು. ಮಗನು ನೆಲ ನೋಡುತ್ತ ನಿಂತನು. "ಮೀನಿಗಿ ಮನಿ ಮಾಡೀನ್ರಿ ಸರ್, ಅವ್ವಗ ಮಾಡಬೇಕಂತ ತಲ್ಯಾಗ ಬರಲಿಲ್ಲ ನೋಡ್ರಿ."

ಅವನೊಬ್ಬನನ್ನು ದೂರುವುದು ನ್ಯಾಯವಲ್ಲ. ಮೀನು ಸತ್ತರೆ ನಷ್ಟ ಆ ದಿನವೇ ಲೆಕ್ಕಕ್ಕೆ ಬರುತ್ತದೆ. ಮನುಷ್ಯನು ಸಹಿಸಿಕೊಳ್ಳುತ್ತಾನಾದ್ದರಿಂದ ಅವನ ಬೇಗೆಯನ್ನು ಯಾರೂ ಲೆಕ್ಕವಿಡುವುದಿಲ್ಲ. ನಮ್ಮ ಜಿಲ್ಲೆಗಳಿಂದ ದುಡಿಯಲು ಬೆಂಗಳೂರಿಗೆ ಹೋದ ಕುಟುಂಬಗಳು ತಾವೇ ಎತ್ತುತ್ತಿರುವ ಮಾಳಿಗೆಗಳ ಬುಡದಲ್ಲಿ ಇಂಥದೇ ತಗಡಿನ ಗೂಡುಗಳಲ್ಲಿ ಮಲಗುತ್ತವೆ. ನನ್ನ ತರಗತಿಯಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿ ಪರೀಕ್ಷೆಗೆ ಓದುವುದು ಪತ್ರಾಸಿನ ಕೆಳಗೆ, ಪರೀಕ್ಷೆ ಬರುವುದೂ ಬೇಸಿಗೆಯಲ್ಲಿ. ಬಿಳಿಯ ಬಣ್ಣ, ಒಂದಿಷ್ಟು ಖಾಲಿ ಜಾಗ, ಗಾಳಿ ತುಂಬಿದ ಎರಡು ಅಂಗುಲದ ಹಾಳೆ, ಅದನ್ನು ಮುಚ್ಚುವ ಹಲಗೆ: ಇವು ಅರಮನೆಯ ವೈಭವಗಳಲ್ಲ. ಮೀನಿಗೆ ಸಾಧ್ಯವಾದುದು ಮಗುವಿಗೆ ಸಾಧ್ಯವಾಗದೆಂದು ಹೇಳುವಂತಿಲ್ಲ.

ಆ ವರ್ಷದ ದೀಪಾವಳಿಗೆ ಮುಂಚೆ ಏಂಜಲ್ ಮರಿಗಳು ಮಾರಾಟವಾದುವು. ಬಂದ ಹಣದಲ್ಲಿ ಅವನು ಮೊದಲು ಸಂಘದ ಕಂತು ಕಟ್ಟಿದನು. ಆಮೇಲೆ ಮುಂದಿನ ಕೋಣೆಗಳ ಸೂರಿನ ಅಳತೆ ತೆಗೆದುಕೊಂಡು ಹಾಳೆಗಳನ್ನು ಕೊಳ್ಳಲು ಪೇಟೆಗೆ ಹೋದನು.